ನಿಂತು ತೆಗೆಸಿದ ಎಕ್ಸ್‌ರೇ

ಮಲಪ್ರಭೆಯ ದಡದ ಆಶ್ರಮದ ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರ ಬಂದ ವರ್ಷದ ಮಾತಿದು, ತೊಂಬತ್ತೆಂಟರ ಶ್ರಾವಣ. ಎಕ್ಸ್‌ರೇ ಯಂತ್ರ ಅದಕ್ಕೂ ಹದಿನಾಲ್ಕು ವರ್ಷ ಹಿಂದಿನದು. ಆಗ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ತೊಳೆದು, ತಂತಿಗೆ ನೇತುಹಾಕಿ ಒಣಗಿಸುತ್ತಿದ್ದರು. ಆ ಹುಳಿ ವಾಸನೆ ಈಗ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಅಲ್ಲಿನ ಹಿರಿಯ ವೈದ್ಯೆ ಡಾಕ್ಟರ್ ಅಂಬುತಾಯಿ. ಎಲ್ಲರಿಗೂ ಅಕ್ಕಾವರು. ಅವರ ಬಳಿ ಕಲಿಯಲು ಬಂದವಳು ವಿಶಾಲಾಕ್ಷಿ.

ಒಂದು ಬೆಳಗ್ಗೆ ನಿಂಗವ್ವ ಗೋಡೆ ಹಿಡಿದುಕೊಂಡು ಬಂದಳು. ದಾಸೋಹದ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ರೊಟ್ಟಿ ಬಡಿದವಳು. ಹಿಂದೆಯೇ ಆಶ್ರಮದ ಕಾರ್ಯಸ್ಥ ಗುರುಪಾದಯ್ಯ.

"ಮೂರು ತಿಂಗಳಾತು, ಮೊಣಕಾಲು ಮೊಣಕಾಲು ಅಂತಾಳ್ರಿ. ಎಕ್ಸ್‌ರೇ ತಗದು ಬರದು ಕೊಡ್ರಿ. ಖರೇ ಇದ್ರ ಕುರ್ಚಿ ಮ್ಯಾಲ ಕೂತು ಕಾಯಿಪಲ್ಯ ಹೆಚ್ಚಲಿ. ನೆಪ ಇದ್ರ ಊರಿಗೆ ಕಳಸ್ತೀನಿ."

ನಿಂತಲ್ಲೇ ನಿಂಗವ್ವ ನೋವಿಗೆ ಮುಖ ಕಿವುಚಿದಳು. ವಿಶಾಲಾಕ್ಷಿಗೆ ಪಾಪವೆನಿಸಿತು. ಮೇಜಿನ ಮೇಲೆ ಮಲಗಿಸಿ, ತಲೆಗೆ ದಿಂಬು ಕೊಟ್ಟು, ಎಕ್ಸ್‌ರೇ ತೆಗೆದಳು.

ಫಿಲ್ಮಿನಲ್ಲಿ ಎರಡು ಎಲುಬು, ನಡುವೆ ಸರಿಯಾದ ಸಂದು.

"ಎಲುಬು ಚಲೋ ಅದಾವ" ಎಂದಳು.

"ಹಂಗಾರ ನಾ ಸುಳ್ಳು ಹೇಳಾಕತ್ತೇನೇನು?"

"ಹಂಗಲ್ಲ ನಿಂಗವ್ವಾ. ಇದ್ರಾಗ ಏನೂ ಕಾಣವಲ್ದು."

"ಮಲಗಿದಾಗ ನನಗೂ ಏನೂ ಆಗೂದಿಲ್ಲ, ಯವ್ವಾ. ನಾ ಮಲಕ್ಕೊಂಡು ರೊಟ್ಟಿ ಬಡೀತೀನೇನು?"

ವಿಶಾಲಾಕ್ಷಿ ನಕ್ಕುಬಿಟ್ಟಳು. ಮೊಣಕಾಲಿನಲ್ಲಿ ದೋಷವಿಲ್ಲ ಎಂದು ಚೀಟಿ ಬರೆದು ಅಕ್ಕಾವರ ಸಹಿಗೆ ಒಯ್ದಳು.

ಅಕ್ಕಾವರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸಹಿ ಮಾಡಲಿಲ್ಲ.

"ನೀ ನಕ್ಕಿದ್ದು ಕೇಳಿಸ್ತು. ಆಕಿ ಏನಂದ್ಲು?"

ವಿಶಾಲಾಕ್ಷಿ ಹೇಳಿದಳು.

"ಮತ್ತ? ನಿಲ್ಲಿಸಿ ತಗಿ."

ಸೀಸದ ಏಪ್ರನ್ ತೊಟ್ಟು ಅಕ್ಕಾವರೇ ನಿಂಗವ್ವನ ತೋಳು ಹಿಡಿದು ನಿಂತರು. ಮೈಭಾರ ಮೊಣಕಾಲಿನ ಮೇಲೆ ಬಿತ್ತು. ಎರಡನೆಯ ಫಿಲ್ಮ್ ಒಣಗಿದ ಮೇಲೆ ವಿಶಾಲಾಕ್ಷಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಒಳಬದಿಯ ಸಂದು ಇರಲೇ ಇಲ್ಲ. ಎಲುಬಿಗೆ ಎಲುಬು ತಾಗಿತ್ತು.

ಆಮೇಲೆ ಸ್ಕ್ಯಾನಿಂಗ್. ಜೆಲ್ ಹಚ್ಚಿದ್ದೇ ನಿಂಗವ್ವ ಕೂಗಿದಳು: "ಅಯ್ಯ, ಮಸರಿನಂಗ ತಣ್ಣಗೈತಿ!" ಪರದೆಯ ಮೇಲೆ, ಮೊಣಕಾಲಿನ ಚಿಪ್ಪಿನ ಮೇಲ್ಭಾಗದಲ್ಲಿ, ಕಪ್ಪಗೆ ಒಂದು ಮಡು. ತುಂಬಿಕೊಂಡ ನೀರು.

"ಇದು ಎಕ್ಸ್‌ರೇದಾಗ ಯಾಕ ಕಾಣಲಿಲ್ರಿ?" ವಿಶಾಲಾಕ್ಷಿ ಅಕ್ಕಾವರನ್ನು ಕೇಳಿದಳು.

"ಎಲುಬು ನೋಡಾಕ ಅದು. ನೀರು, ಬಾವು ನೋಡಾಕ ಇದು. ನೋವು ನೋಡೋ ಯಂತ್ರ ಇನ್ನೂ ಬಂದಿಲ್ಲ."

ವಿಶಾಲಾಕ್ಷಿ ಮೊದಲಿನ ಚೀಟಿ ಹರಿದಳು. ಹೊಸದನ್ನು ಓದಿದ ಗುರುಪಾದಯ್ಯ ತಾನೇ ಹೋಗಿ ಅಡುಗೆಮನೆಗೆ ಕುರ್ಚಿ ಹಾಕಿಸಿದ.

ಸಂಜೆ ನದಿಯ ಮೆಟ್ಟಿಲ ಮೇಲೆ ಅಕ್ಕಾವರು, ವಿಶಾಲಾಕ್ಷಿ ಇಬ್ಬರೂ ಕೂತಿದ್ದರು. ಆಗಿನ ಮಲಪ್ರಭೆ ಕೊನೆಯ ಮೆಟ್ಟಿಲವರೆಗೂ ಬರುತ್ತಿದ್ದಳು.

"ನಿಂತ್ರ ನೋಯ್ತೈತಿ ಅಂತ ಕನಿಕರ ಬಂದು ಮಲಗಿಸಿದೆ, ಅಕ್ಕಾವ್ರ. ಅದು ತಪ್ಪೇನ್ರಿ?"

ಅಕ್ಕಾವರು ಕಾಲುಗಳನ್ನು ನೀರಿಗೆ ಇಳಿಬಿಟ್ಟರು.

"ಆಕಿ ಮ್ಯಾಲ ನಿನಗ ಕನಿಕರ ಬಂತು, ವಿಶಾಲಿ. ನಂಬಿಕಿ ಬರಲಿಲ್ಲ."