ತಿಪ್ಪಾಜಿ ಉಳಿ ಜೋಡಿಸಿದ್ದು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೇ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಒಂದೂರಲ್ಲಿ ಕಾಳಾಚಾರಿ ಅಂತ ಒಬ್ಬ ಮರದ ಕೆತ್ತನೆ ಮಾಡೋನು ಇದ್ದನಂತೆ. ಅವನು ಗಿಣಿ ಕೆತ್ತಿದರೆ ಊರ ಮಕ್ಕಳು ಅದಕ್ಕೆ ಸೀಬೆಹಣ್ಣು ತಂದು ತೋರಿಸ್ತಿದ್ದವಂತೆ, ಅಂಥಾ ಕೈ ಅವನದು. ಅವನಿಗೆ ಮೂರು ಮಕ್ಕಳು, ಮೌನಾಚಾರಿ, ವೀರಾಚಾರಿ ಅಂತ ಇಬ್ಬರು ಗಂಡುಹುಡುಗರು, ಕೊನೆಯವಳು ಮಗಳು ತಿಪ್ಪಾಜಿ. ಕಾಲು ಒದೀಬೇಡ ಪುಟ್ಟಿ, ಕಂಬಳಿ ಜಾರತ್ತೆ.

ಅವನ ಹತ್ತಿರ ಇಪ್ಪತ್ತೊಂದು ಪುಟಾಣಿ ಉಳಿಗಳಿದ್ದವಂತೆ. ಒಂದರ ಮೇಲೂ ಗುರುತಿಲ್ಲ, ಗೀಟಿಲ್ಲ. ಬಟ್ಟೆಚೀಲದಲ್ಲಿ ಸಾಲಾಗಿ ಇಪ್ಪತ್ತೊಂದು ಜೇಬು, ಸಣ್ಣದರಿಂದ ಶುರುವಾಗಿ ದೊಡ್ಡದರವರೆಗೆ ಜೇಬಿಗೊಂದು ಉಳಿ. ಕಾಳಾಚಾರಿಗೆ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವಂತೆ, ಆದರೂ ಕೈ ಹಿಂದಕ್ಕೆ ಚಾಚಿ ಜೇಬು ಎಣಿಸಿ ಬೇಕಾದ್ದನ್ನೇ ತೆಗೀತಿದ್ದನಂತೆ. ತಿಪ್ಪಾಜಿ ಅದನ್ನೇ ನೋಡ್ತಾ ಕೂತಿರೋಳು. ನನಗೂ ಕಲಿಸಪ್ಪಾ ಅಂದರೆ ಅಣ್ಣಂದಿರು, ಹೆಣ್ಣಿಗೆ ಯಾಕೆ ಉಳಿ, ಹೋಗಿ ಮೊರ ಹಿಡಿ ಅನ್ನೋರು. ಅಪ್ಪ ಕೆಲಸದಲ್ಲೇ ಮುಳುಗಿರೋನು, ಅವಳು ಮೊರ ಹಿಡ್ಕೊಂಡೇ ಬಾಗಿಲಲ್ಲಿ ನಿಂತು ನೋಡೋಳು.

ಆಮೇಲೆ ಆಯುಧಪೂಜೆ ಬಂತಂತೆ. ಅಣ್ಣಂದಿರಿಬ್ಬರೂ ಭಾರೀ ಭಕ್ತಿಯಿಂದ ಅಷ್ಟೂ ಉಳಿ ಹೊರಗೆ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ, ಎಣ್ಣೆ ಸವರಿ, ಕುಂಕುಮ ಇಟ್ಟು, ದೇವಿ ಕಾಳಮ್ಮನ ಮುಂದೆ ತಟ್ಟೇಲಿ ರಾಶಿ ಸುರಿದರಂತೆ. ಮಾರನೇ ದಿನ ನೋಡಿದರೆ ಯಾವುದು ಯಾವ ಜೇಬಿಂದು ಅಂತ ಯಾರಿಗೂ ಗೊತ್ತಿಲ್ಲ! ಅಪ್ಪನ ಕೈಗೆ ಗೊತ್ತಿದ್ದದ್ದು ಜಾಗ, ಉಳಿ ಅಲ್ಲ. ಇನ್ನು ಮೂರೇ ದಿನಕ್ಕೆ ಪಾಳೇಗಾರನ ಮೊಮ್ಮಗನ ನಾಮಕರಣ, ತೊಟ್ಟಿಲಿಗೆ ಐದು ಗಿಣಿ ಕೆತ್ತಬೇಕಿತ್ತು, ನಾಲ್ಕೇ ಆಗಿತ್ತು. ಆಗಲಿಲ್ಲ ಅಂದರೆ ಅರಮನೆ ಕೆಲಸವೆಲ್ಲ ಪಕ್ಕದೂರಿಗೆ. ಆಗ ಕಾಳಾಚಾರಿ ಅಂದನಂತೆ, ಯಾರು ಸರಿಯಾಗಿ ಜೋಡಿಸ್ತಾರೋ ಈ ಚೀಲ ಅವರದು, ನನ್ನ ಪಕ್ಕ ಕೂತು ಕೆತ್ತೋ ಮಣೆನೂ ಅವರದು.

ಮೊದಲು ಮೌನಾಚಾರಿ ಬಂದ. ಇದೇನು ಮಹಾ ಅಂತ ಗಿಡ್ಡದರಿಂದ ಉದ್ದಕ್ಕೆ ಜೋಡಿಸಿದನಂತೆ. ಅಪ್ಪ ಒಂದು ಹಳೇ ಹಲಗೆ ಮೇಲೆ ಹೂವಿನ ಎಸಳು ಕೆತ್ತೋಕೆ ಹೋದರೆ ಎಸಳೇ ಚೂರಾಗಿ ಹಾರಿಹೋಯ್ತಂತೆ. ದಿನಾ ದುಡಿದ ಉಳಿ ಮಸೆದೂ ಮಸೆದೂ ಗಿಡ್ಡ ಆಗಿದೆ, ಸೋಮಾರಿ ಉಳಿ ಉದ್ದಕ್ಕೆ ಬಿದ್ಕೊಂಡಿದೆ, ಉದ್ದ ನಂಬಿದರೆ ಆಯ್ತಾ?

ಆಮೇಲೆ ವೀರಾಚಾರಿ ಬಂದು ಹಿಡಿ ದಪ್ಪ ನೋಡಿ ಜೋಡಿಸಿದನಂತೆ. ಹಿಡಿ ಮುರಿದಾಗಲೆಲ್ಲ ಅಪ್ಪ ಕೈಗೆ ಸಿಕ್ಕ ಕಟ್ಟಿಗೆ ಹಾಕಿದ್ದ, ಎಲ್ಲಕ್ಕಿಂತ ಸಣ್ಣ ಉಳಿಗೇ ಗಡವನಂಥಾ ದಪ್ಪ ಹಿಡಿ! ಆ ಹಲಗೇನೂ ಹಾಳಾಯ್ತು. ಎರಡು ದಿನ ಕಳೆದುಹೋಯ್ತು.

ಮೂರನೇ ದಿನ ಬೆಳಿಗ್ಗೆ ತಿಪ್ಪಾಜಿ ರೊಟ್ಟಿಗೆ ಕಲಸಿದ ಅಕ್ಕಿಹಿಟ್ಟಿನ ಮುದ್ದೆ ಹೊತ್ಕೊಂಡು ಬಂದಳಂತೆ. ಅಣ್ಣಂದಿರು ಬಿದ್ದುಬಿದ್ದು ನಕ್ಕರು. ನಗಲಿ ಬಿಡು. ಇವಳು ಹಿಟ್ಟು ತಟ್ಟಿ ಒಂದೊಂದೇ ಉಳಿಯ ಬಾಯಿ, ಅಂದ್ರೆ ಹರಿತವಾದ ತುದಿ, ಅದರ ಮೇಲೆ ಊರಿದಳಂತೆ. ಉಳಿ ಕೆಲಸ ಮಾಡೋದು ಬಾಯಿಂದ ತಾನೇ? ಇದರ ಗುರುತಿನೊಳಗೆ ಅದನ್ನ ಇಟ್ಟು ನೋಡಿದಳು, ಸಡಿಲವಾದರೆ ಅದು ಚಿಕ್ಕದು, ಹಿಡಿಸದೇ ಹೋದರೆ ದೊಡ್ಡದು. ಹಾಗೇ ಹತ್ತೊಂಬತ್ತು ಸಾಲಾದವಂತೆ. ಕೊನೆಗೆ ಎರಡರ ಅಗಲ ಮಾತ್ರ ಒಂದೇ, ಒಂದರ ಗೆರೆ ನೆಟ್ಟಗೆ, ಇನ್ನೊಂದರದ್ದು ಉಗುರು ಊರಿದ ಹಾಗೆ ಬಾಗಿದೆ. ಅವಳು ಊಹೆ ಮಾಡಲಿಲ್ಲ, ಕೇಳೇಬಿಟ್ಟಳು, ಅಪ್ಪಾ, ನೀನು ನೆಟ್ಟಗೆ ಕಡಿದು ಆಮೇಲೆ ಗುಂಡಗೆ ತಿರುಗಿಸ್ತೀಯೋ, ಇಲ್ಲಾ ಮೊದಲೇ ಗುಂಡಗೋ? ಕಾಳಾಚಾರಿಗೆ ನಗು ಬಂತಂತೆ. ಎರಡು ದಿನದಿಂದ ನನ್ನ ಯಾರೂ ಏನೂ ಕೇಳಿರಲಿಲ್ಲ ಕಣವ್ವಾ, ನೆಟ್ಟಗಿಂದು ಮೊದಲು ಅಂದ.

ಚೀಲ ಕಟ್ಟಿದ್ದಾಯ್ತು. ಅಪ್ಪ ಕೈ ಹಿಂದಕ್ಕೆ ಚಾಚಿ ಒಂದು ತೆಗೆದ, ಇನ್ನೊಂದು ತೆಗೆದ, ಹಲಗೆ ಮೇಲೆ ಎಸಳು ಗರಿಗರಿಯಾಗಿ ಅರಳಿತಂತೆ. ಆಮೇಲೆ ಅವನು ತೊಟ್ಟಿಲಿನ ಹತ್ತಿರ ಸರಿದು ಕೂತು, ಪಕ್ಕದ ಮಣೆ ತಟ್ಟಿ, ಬಾ ತಿಪ್ಪಾಜಿ, ಐದನೇ ಗಿಣಿ ನಿಂದು ಅಂದನಂತೆ. ಇಷ್ಟು ವರ್ಷ ಕಣ್ಣಲ್ಲೇ ಕಲಿತಿದ್ದಳಲ್ಲ, ಅವಳು ಹೆದರಲೇ ಇಲ್ಲ. ಅಣ್ಣಂದಿರು ಅಲುಗಾಡದ ಹಾಗೆ ತೊಟ್ಟಿಲ ಹಲಗೆ ಹಿಡಿದರು, ಸಂಜೆಯೊಳಗೆ ಗಿಣಿ ಮುಗೀತು.

ಕಾಳಾಚಾರಿ ಐದೂ ಗಿಣಿಗಳ ಮೇಲೆ ಬೆರಳಾಡಿಸಿದನಂತೆ. ಒಂದು ಸಲ ಸವರಿದ, ಎರಡು ಸಲ ಸವರಿದ, ಮೂರನೇ ಸಲ ಸವರಿ ಮಗಳ ಕೈ ಹಿಡ್ಕೊಂಡು, ಇದರಲ್ಲಿ ನಿಂದು ಯಾವುದವ್ವಾ, ನಂಗೆ ಗೊತ್ತಾಗ್ತಿಲ್ಲ ಅಂತ ಅತ್ತುಬಿಟ್ಟನಂತೆ.

ಆ ತೊಟ್ಟಿಲಲ್ಲಿ ಪಾಳೇಗಾರನ ಮೊಮ್ಮಗ ಸುಖವಾಗಿ ಮಲಗಿದ, ಇಲ್ಲಿ ನೀನೂ ಮಲಗು, ನನ್ನ ಕತೆ ಮುಗೀತು.