ಹೊಳೆಯಿಲ್ಲದ ಕಾಲುಸಂಕ

ನಮ್ಮ ಪೇಟೆಯಲ್ಲಿ ಅಕ್ಕಿ ಗಿರಣಿಯ ಹಿಂಗೋಡೆಗೆ ಹೋಗಿ ಮುಗಿಯುವ ಸಣ್ಣ ಗಲ್ಲಿಯೊಂದಿದೆ. ಹೆಸರು ಕಾಲುಸಂಕದ ಗಲ್ಲಿ. ಹಲಗೆಯ ಸಂಕ ಹಾಕಿ ದಾಟಲು ಹತ್ತಿರದಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಇದ್ದ ಒಂದು ಚರಂಡಿಗೂ ಚಪ್ಪಡಿ ಮುಚ್ಚಿದ್ದಾರೆ. ಹೊಸದಾಗಿ ಬಾಡಿಗೆಗೆ ಬಂದವರು ಸಂಕ ಎಲ್ಲಿ ಎಂದು ಹುಡುಕುವುದು, ನಮ್ಮ ಪಂಡಿತರು ಪಾಳೆಯಗಾರರ ಕಾಲದಲ್ಲಿ ಇಲ್ಲೊಂದು ಕಂದಕವಿತ್ತು ಎಂದು ಬುರುಡೆ ಬಿಡುವುದು ನಡೆದೇ ಇದೆ. ಕಂದಕವೂ ಇರಲಿಲ್ಲ, ಮಣ್ಣಂಗಟ್ಟಿಯೂ ಇರಲಿಲ್ಲ. ಎಲ್ಲ ಹೆಸರಿಗೂ ರಾಜನೇ ಕಾರಣವಾಗಬೇಕೆಂದು ಯಾರು ಹೇಳಿದರೋ! ಈ ಹೆಸರು ಬಂದದ್ದು ಅಂಗನವಾಡಿಯಲ್ಲಿ ಉಪ್ಪಿಟ್ಟು ಬೇಯಿಸುತ್ತಿದ್ದ ಒಬ್ಬ ಹೆಂಗಸಿನಿಂದ.

ಹಿಂದೆ ಒಮ್ಮೆ, ಗಿರಣಿ ಇನ್ನೂ ಓಡುತ್ತಿದ್ದಾಗ, ಅದರ ಹಿಂಗೋಡೆಯ ನೆರಳಲ್ಲಿ ಗಾಡಿ ನಿಲ್ಲಿಸಲು ನುಗ್ಗುವವರಿಂದ ಈ ಗಲ್ಲಿಯಲ್ಲಿ ಬೈಕುಗಳ ಹಾವಳಿ ಹೇಳತೀರದಂತಿತ್ತು ಎನ್ನುತ್ತಾರೆ. ಗಲ್ಲಿಯ ಕೊನೆಮನೆಯ ಸಾವಂತ್ರಕ್ಕ ರಸ್ತೆಯಾಚೆಯ ಅಂಗನವಾಡಿಯಲ್ಲಿ ಸಹಾಯಕಿ. ಬೆಳಿಗ್ಗೆ ಗಲ್ಲಿಯ ಹನ್ನೊಂದು ಮಕ್ಕಳನ್ನು ಕೂಡಿಸಿಕೊಂಡು ಹೋಗುವುದು, ಉಣಿಸುವುದು, ಮೂಗು ಒರೆಸುವುದು ಎಲ್ಲ ಆಕೆಯದೇ. ಗಂಡನಿಲ್ಲ, ಮಕ್ಕಳಿಲ್ಲ, ಆ ಹನ್ನೊಂದೇ ಆಕೆಯ ಸಂಸಾರ. ಒಂದು ದಿನ ಅವರಲ್ಲೊಬ್ಬಳ ಕಾಲ ಮೇಲೆ ಬೈಕು ಹತ್ತಿತು. ಸಾವಂತ್ರಕ್ಕ ನೆಟ್ಟಗೆ ಪೇಂಟರ್ ದಯಾನಂದನ ಮನೆಗೆ ಹೋದಳು. ದಯಾನಂದನೆಂದರೆ ಸಾಮಾನ್ಯನಲ್ಲ, ಬಸ್ ನಿಲ್ದಾಣದ ಗೋಡೆಯಲ್ಲಿ ಅವನು ಬರೆದ ಮೆಟ್ಟಿಲು ಹತ್ತಲು ಹೋಗಿ ಹಣೆ ಚಚ್ಚಿಕೊಂಡವರುಂಟು. "ಗಾಡಿಯವರ ಎದೆ ಝಲ್ಲನ್ನಬೇಕು, ಅಂಥದ್ದೇನಾದ್ರೂ ಬರಿಯೋ ತಮ್ಮಾ" ಎಂದಳು. ಅವನು ನಾಲ್ಕು ದಿನ ಮಂಡಿಯೂರಿ, ಗಲ್ಲಿಯ ಬಾಯಿಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಹೊಂಡ ಬರೆದ. ಹೋಗುವವರಿಗೂ ಬರುವವರಿಗೂ ಕಾಣುವಂತೆ ಎರಡೂ ಕಡೆಯ ಕಣ್ಣಿಗೆ ಹೊಂದಿಸಿದ್ದ. ಬಿರಿದ ಡಾಂಬರಿನ ಅಂಚು, ಅದರ ಕೆಳಗೆ ಕೆಮ್ಮಣ್ಣು, ತಳದಲ್ಲಿ ಕಪ್ಪು ನೀರು. ಬೈಕುಗಳು ಕಿರ್ರೆಂದು ನಿಂತವು. ಮಕ್ಕಳು ಮಾತ್ರ ಅದರ ಮೇಲೆ ಕುಣಿದಾಡಿದರು.

ದಾಟಲಾಗದೆ ಹೋದದ್ದು ಸಾವಂತ್ರಕ್ಕನಿಗೆ. ಒಂಬತ್ತು ವರ್ಷದವಳಿದ್ದಾಗ ಹಾಳುಬಾವಿಗೆ ಬಿದ್ದು ಬೆಳಗಿನಿಂದ ಸಂಜೆಯವರೆಗೆ ಅದರೊಳಗೇ ಇದ್ದವಳು. ತಾನದನ್ನು ಮರೆತಿದ್ದೇನೆಂದೇ ತಿಳಿದಿದ್ದಳು, ಕಾಲು ಮರೆತಿರಲಿಲ್ಲ. "ಬಣ್ಣ ಕಣಕ್ಕಾ, ಬರೀ ಬಣ್ಣ" ಎಂದರು ಜನ. "ನಂಗೊತ್ತಿಲ್ವಾ? ಬರೆಸಿದ್ದೇ ನಾನು. ಈ ಕಾಲಿಗೆ ಹೇಳಿ!" ಕಣ್ಣು ಮುಚ್ಚಿಸಿ ನಡೆಸಿದರೆ ಅಂಚಿಗೆ ಬರುತ್ತಲೇ ನೆಲಕ್ಕೆ ಕೂತುಬಿಟ್ಟಳು. ಕುರ್ಚಿಯಲ್ಲಿ ಕೂರಿಸಿ ಹೊತ್ತರೆ ನಡುವೆ ಆಕೆ ಕಿರುಚಿದ ಕಿರುಚಾಟಕ್ಕೆ ಹೊತ್ತವರೇ ಹೆದರಿ ಹಿಂದಿರುಗಿದರು. ಹಿಂದೆ ಗಿರಣಿಯ ಗೋಡೆ, ಮುಂದೆ ಹೊಂಡ. ಆರು ದಿನ ಹೊಸ್ತಿಲಲ್ಲಿ ಕೂತು ಆಚೆಯಿಂದ ಬರುವ ಮಕ್ಕಳ ಹಾಡು ಕೇಳಿದಳು. ಸೋಮವಾರ ಬಾರದಿದ್ದರೆ ಬೇರೆಯವರನ್ನು ನೇಮಿಸುತ್ತೇವೆಂದು ಮೇಲಿನವರಿಂದ ಮಾತು ಬಂತು. ದಯಾನಂದ ಕಪ್ಪು ಬಣ್ಣದ ಡಬ್ಬಿ ಹಿಡಿದು ಅಳಿಸಲು ಬಂದ. ಆಕೆ ಡಬ್ಬಿಯನ್ನೇ ಕಿತ್ತುಕೊಂಡಳು. "ಅಳಿಸಿದ್ರೆ ನಾಳೆನೇ ಇನ್ನೊಂದು ಮಗು ಬೀಳುತ್ತೆ. ನಾನು ಇದರೊಳಗೇ ಕೊಳೀತೀನಿ, ಬಿಡು" ಎಂದು ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ತನ್ನ ಮೇಲೆ ತನಗೇ ಅಷ್ಟು ಸಿಟ್ಟು ಬಂದಿತ್ತು.

ಭಾನುವಾರ ಬೆಳಿಗ್ಗೆ ಆಕೆ ಹೇಳಿದ್ದು ಒಂದೇ ಮಾತು: "ಒಂದು ಹಲಗೆನಾದ್ರೂ ಹಾಕಿದ್ರೆ ದಾಟ್ತಿದ್ದೆ." ನಿಜವಾದ ಹಲಗೆ ಇಟ್ಟರೆ ನೆಲ ಸಪಾಟಾಗಿದೆಯೆಂಬುದು ಬೈಕಿನವರಿಗೆ ತಿಳಿದುಹೋಗುತ್ತದೆ. ದಯಾನಂದ ಕುಂಚ ತೆಗೆದ. ಸಂಜೆಯ ಹೊತ್ತಿಗೆ ಹೊಂಡದ ಮೇಲೆ ಬಣ್ಣದ ಹಲಗೆ ಮಲಗಿತ್ತು. ಸಾವಂತ್ರಕ್ಕ ಬಗ್ಗಿ ನೋಡಿ, "ಮೊಳೆನೇ ಹೊಡೆದಿಲ್ವಲ್ಲೋ, ಅಲುಗಾಡಲ್ವಾ?" ಎಂದಳು. ಅವನು ನಗಲಿಲ್ಲ. ಈ ತುದಿಗೆ ನಾಲ್ಕು, ಆ ತುದಿಗೆ ನಾಲ್ಕು ಮೊಳೆ ಬರೆದ. ಸೋಮವಾರ ಆಕೆ ಸೆರಗು ಸಿಕ್ಕಿಸಿ, ಎರಡೂ ಕೈ ಚಾಚಿ, ದಾಟಿದಳು. ಹಿಂದೆಯೇ ಮಕ್ಕಳೂ ಕೈ ಚಾಚಿಕೊಂಡು ಸಾಲಾಗಿ ಬಂದವು. ಆವತ್ತಿನಿಂದ ಗಲ್ಲಿಗೆ ಆ ಹೆಸರು ಬಿತ್ತು ಎನ್ನುತ್ತಾರೆ.

ಕೆಲವು ವರ್ಷಗಳ ಮೇಲೆ ಗಿರಣಿ ಮುಚ್ಚಿತು, ಬೈಕುಗಳ ಕಾಟ ತಗ್ಗಿತು. ನಗರಸಭೆಯವರು ಬಂದು ಹೊಸ ಡಾಂಬರು ಎಳೆದರು. ಹೊಂಡವೂ ಹೋಯಿತು, ಸಂಕವೂ ಹೋಯಿತು. ಇನ್ನು ಅಕ್ಕನಿಗೆ ಬಿಡುಗಡೆ ಎಂದು ಎಲ್ಲರೂ ಹಿಗ್ಗಿದರು. ಮರುದಿನ ಆಕೆ ಗಲ್ಲಿಯ ಬಾಯಿಗೆ ಬಂದು, ಸಪಾಟಾಗಿ ಕರ್ರಗಿದ್ದ ರಸ್ತೆಯನ್ನು ನೋಡಿ ಅಲ್ಲೇ ನಿಂತುಬಿಟ್ಟಳು. "ಹೊಂಡ ಮುಚ್ಚಿಲ್ಲ ಕಣೋ ದಯಣ್ಣಾ, ಕಾಣದ ಹಾಗೆ ಮಾಡಿದ್ದಾರೆ ಅಷ್ಟೆ. ನನ್ನ ಹಲಗೆ ಎಲ್ಲಿ?" ದಯಾನಂದ ಹೊಂಡವನ್ನು ಮತ್ತೆ ಬರೆಯಲಿಲ್ಲ. ಹಲಗೆಯನ್ನಷ್ಟೇ ಬರೆದ.

ಸಾವಂತ್ರಕ್ಕ ತೀರಿಕೊಂಡು ಆರು ವರ್ಷವಾಯಿತು. ಈಗ ಹೋದವರಿಗೆ ಕಾಣುವುದು ಬರಿಯ ಡಾಂಬರಿನ ಮೇಲೆ ಬಣ್ಣದ ಒಂದು ಹಲಗೆ, ಅದರ ಇಕ್ಕೆಲದಲ್ಲೂ ನಡೆಯಲು ಬೇಕಾದಷ್ಟು ಜಾಗ. ಆಗ ಹೊಂಡದ ಮೇಲೆ ಕುಣಿದಿದ್ದ ಆ ಮಕ್ಕಳಲ್ಲಿ ಕೆಲವರಿಗೆ ಈಗ ಮೀಸೆ ಬಂದಿದೆ, ಕೆಲವರ ಕಂಕುಳಲ್ಲಿ ಕೂಸುಗಳಿವೆ. ಹಲಗೆಯ ಮೇಲೆ ಎದುರಿನಿಂದ ಯಾರಾದರೂ ಬಂದರೆ ಇವರು ಈ ತುದಿಯಲ್ಲಿ ನಿಂತು ಕಾಯುತ್ತಾರೆ. ಪಕ್ಕದಲ್ಲಿ ಹೋಗಬಾರದೇ ಎಂದರೆ ನಗುತ್ತಾರೆ, ಕಾಲು ಮಾತ್ರ ಇಡುವುದಿಲ್ಲ.