ನಲವತ್ತೆರಡು ಮನೆಗಳ ಕೂಗು

"ಗುರುಗಳೇ, ಆದದ್ದನ್ನು ಮರೆಸುವ ಮದ್ದು ಏನಾದರೂ ಇದೆಯೇ?" ಎಂದು ಮಡಿವಾಳಯ್ಯ ಕೇಳಿದ.

ಗಡಿಯಾಚೆಯ ಯುದ್ಧದಿಂದ ಓಡಿಬಂದ ನೂರಹದಿನಾರು ಜನ ಮಠದ ಛತ್ರದಲ್ಲಿದ್ದರು. ಅವರ ಊಟದ ಹೊಣೆ ಮಡಿವಾಳಯ್ಯನದು. ಎರಡು ತಿಂಗಳಿಂದ ಒಂದು ಹೊತ್ತೂ ತಪ್ಪಿಸದೆ ಬಡಿಸಿದ್ದ.

"ಅನ್ನವಿದೆ, ಸೂರಿದೆ, ಕಂಬಳಿಯಿದೆ. ಆದರೂ ಅವರಲ್ಲೊಬ್ಬ ಮುದುಕ ದಿನವೂ ಪಂಕ್ತಿಯಲ್ಲಿ ಕುಳಿತು ಸತ್ತವರ ಹೆಸರು ಹೇಳಿ ಅಳುತ್ತಾನೆ. ಉಳಿದವರೂ ಎಲೆ ಬಿಟ್ಟು ಏಳುತ್ತಾರೆ. ಅವನನ್ನು ಬೇರೆ ಕೂರಿಸಿ ಬಡಿಸಲೇ?"

ಗುರುಗಳು ಕೌದಿ ಹೊಲಿಯುತ್ತಿದ್ದರು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಮದ್ದು ಬೇಕಾಗಿರುವುದು ಅವನಿಗೋ, ಬಡಿಸುವವನಿಗೋ? ಕುಳಿತುಕೋ, ಹೇಳುತ್ತೇನೆ" ಎಂದರು.

ಒಂದು ಊರಿತ್ತು. ನಲವತ್ತೆರಡು ಮನೆ, ಸುತ್ತ ಮಣ್ಣಿನ ಗೋಡೆ, ಬಂದುಹೋಗಲು ಒಂದೇ ಅಗಸೆ ಬಾಗಿಲು. ಕಾಡಿನ ಅಂಚಿನ ಊರಾದ್ದರಿಂದ ಅಲ್ಲೊಂದು ಕಟ್ಟಳೆಯಿತ್ತು. ಹೊತ್ತು ಮುಳುಗುವಾಗ ಊರ ಕಾವಲಿನ ತಳವಾರ ದುರಗಪ್ಪ ಅಗಸೆಯಲ್ಲಿ ನಿಂತು ಒಂದೊಂದು ಮನೆಯನ್ನೂ ಯಜಮಾನನ ಹೆಸರು ಹಿಡಿದು ಕೂಗಬೇಕು. ಎಲ್ಲರೂ ಒಳಗೆ ಬಂದಿದ್ದರೆ ಆ ಮನೆಯವರು "ಅದೀವಿ" ಎಂದು ಓಗೊಡಬೇಕು. ಕೊನೆಗೆ ತಳವಾರ ತನ್ನ ಮನೆಯನ್ನು ಕೂಗಿ ತಾನೇ ಓಗೊಡುತ್ತಿದ್ದ. ಒಂದು ಮನೆ ಸುಮ್ಮನಿದ್ದರೂ ಅಗಸೆ ಹಾಕುವಂತಿಲ್ಲ, ತಳವಾರ ಮಲಗುವಂತಿಲ್ಲ.

ಒಂದು ದಿನ ನಡುಹಗಲಲ್ಲಿ ಶತ್ರುವಿನ ದಂಡು ನುಗ್ಗಿತು. ಊರಿಗೆ ಬೆಂಕಿ ಇಟ್ಟಿತು. ಜನ ದಿಕ್ಕಾಪಾಲಾಗಿ ಓಡಿದರು. ತಳವಾರನೂ ಓಡಿದ. ಹೊಳೆ ದಾಟಿ ನೋಡಿದರೆ ಇಪ್ಪತ್ತಮೂರು ಮನೆಯವರಿದ್ದರು. ಹತ್ತೊಂಬತ್ತು ಮನೆಗಳಿಂದ ಒಬ್ಬರೂ ಬಂದಿರಲಿಲ್ಲ. ತಳವಾರನ ಹೆಂಡತಿ ಮತ್ತು ಮಗಳೂ ಬಂದಿರಲಿಲ್ಲ.

ಹೊಳೆಯಾಚೆಯ ಊರ ಗೌಡ ಒಳ್ಳೆಯವನು. ಮಾವಿನ ತೋಪಿನಲ್ಲಿ ಗುಡಿಸಲು ಹಾಕಿಸಿದ, ಜೋಳ ಕೊಟ್ಟ. ಮರುದಿನ ಸಂಜೆ ತಳವಾರ ತೋಪಿನ ಬಾಯಲ್ಲಿ ಎರಡು ಗೂಟ ನೆಟ್ಟ. ನಡುವೆ ನಿಂತು ಕೂಗತೊಡಗಿದ. ಬಂದ ಮನೆಯವರು "ಅದೀವಿ" ಎಂದರು. ಬಾರದ ಮನೆಗಳನ್ನೂ ಒಂದೂ ಬಿಡದೆ ಕೂಗಿದ. ಯಾರು ಓಗೊಡಬೇಕು? ತನ್ನ ಮನೆಯನ್ನು ಮಾತ್ರ ಕೂಗಲಿಲ್ಲ. ಅಗಸೆ ಹಾಕುವಂತಿಲ್ಲವಲ್ಲ, ಬೆಳಗಿನವರೆಗೆ ಗೂಟ ಹಿಡಿದು ನಿಂತ.

ಇದು ದಿನವೂ ನಡೆಯಿತು. ತಿಂಗಳು ಕಳೆಯುವಷ್ಟರಲ್ಲಿ ಅವನ ಕಣ್ಣು ಗುಳಿಬಿದ್ದವು. ರೊಟ್ಟಿ ಬಾಯಿಗೆ ಹೋಗದಾಯಿತು. ನಿದ್ದೆಯಿಲ್ಲದೆಯೇ ಇವನು ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತಾಗಿತ್ತು.

ಗೌಡ ವೈದ್ಯನನ್ನು ಕರೆಸಿದ. ವೈದ್ಯ ನಾಡಿ ಹಿಡಿದ, ನಾಲಿಗೆ ನೋಡಿದ, ಬೇರು ತೇದು ಕುಡಿಸಿದ. ನಿದ್ದೆ ಬರಲಿಲ್ಲ. ಆಗ ಹೊಸ ಉಪಾಯ ಹೇಳಿದ. ಇವರು ಓಗೊಡುವುದರಿಂದಲೇ ಅವನ ಹುಚ್ಚು ಬಲಿಯುತ್ತಿದೆ, ಎಲ್ಲರೂ ಸುಮ್ಮನಿದ್ದರೆ ಅವನೂ ಸುಮ್ಮನಾಗುತ್ತಾನೆ ಎಂದ. ಮನುಷ್ಯನನ್ನು ಬಿಟ್ಟು ಉಳಿದೆಲ್ಲವನ್ನೂ ಬಲ್ಲವರ ಮಾತು ಹೀಗೇ ಇರುತ್ತದೆ. ಗೌಡ ಅದನ್ನೇ ಅಪ್ಪಣೆ ಮಾಡಿದ. ಅವನ ಹಂಗಿನಲ್ಲಿದ್ದವರು ತಲೆಯಾಡಿಸಿದರು.

ಆ ಸಂಜೆ ತಳವಾರ ಕೂಗಿದ. ಒಂದು ಮನೆಯೂ ಓಗೊಡಲಿಲ್ಲ. ಬದುಕಿ ಬಂದವರು ಗುಡಿಸಲುಗಳಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕುಳಿತರು. ಮಡಿವಾಳಯ್ಯ, ದಂಡು ಸುಟ್ಟದ್ದು ಹತ್ತೊಂಬತ್ತು ಮನೆಗಳ ಬಾಯಿಯನ್ನು. ಉಳಿದವನ್ನು ಈ ಒಳ್ಳೆಯವರು ಮುಚ್ಚಿಸಿದರು. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮೂರನೆಯ ಸಂಜೆ ತಳವಾರನ ದನಿ ಕಟ್ಟಿತು. ಗೂಟದ ಬುಡದಲ್ಲಿ ಕುಸಿದ. "ಅವತ್ತ ನಾ ಕೂಗಲಿಲ್ಲ. ಕೂಗದ ಓಡಿಬಂದೆ" ಎಂದ.

ಬಳೆ ಮಾರುವ ಫಕೀರವ್ವ ಎಂಬ ಮುದುಕಿ ಅದನ್ನು ಕೇಳಿದಳು. ಅವಳೂ ಅದೇ ಊರಿನವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಂದು ಗೂಟಗಳ ನಡುವೆ ನಿಂತಳು. ಗೌಡ ಅಡ್ಡ ಬಂದ.

"ಏ ಮುದುಕಿ, ಸುಮ್ನ ಒಳಗ ಹೋಗು. ವೈದ್ಯರು ಹೇಳಿದ್ದು ಕೇಳಲಿಲ್ಲೇನು?"

"ಗೌಡ್ರ, ಜ್ವಾಳಾ ಕೊಟ್ಟೀರಿ, ಕೈ ಮುಗೀತೀನಿ. ಆದ್ರ ನಮ್ಮವರ ಹೆಸರು ನುಂಗಿಕೊಂಡು ಕುಂದರ್ರಿ ಅಂದ್ರ ನಿಮ್ಮ ಜ್ವಾಳಾ ನಿಮಗ ಇರಲಿ. ನಾಳಿ ತೋಪು ಬಿಟ್ಟು ಹೋಗ್ತೀವಿ. ಇವತ್ತ ಮಾತ್ರ ಅಗಸಿ ಹಾಕೇ ಮಲಗಾವ್ರು."

ಅವಳು ಕೂಗಿದಳು. "ಬರಮಪ್ಪನ ಮನೀ!"

ಬರಮಪ್ಪ ಗುಡಿಸಲಿನಿಂದ ಹೊರಗೆ ಬಂದ. ಗೌಡನ ಮುಖ ನೋಡಿದ. ಗಂಟಲೆತ್ತಿ "ಅದೀವಿ!" ಎಂದ. ಒಬ್ಬೊಬ್ಬರಾಗಿ ಎಲ್ಲರೂ ಹೊರಗೆ ಬಂದರು.

"ಯಮನೂರಪ್ಪನ ಮನೀ!"

ಯಮನೂರಪ್ಪನ ಮನೆಯಿಂದ ಯಾರೂ ಬಂದಿರಲಿಲ್ಲ. ಅವನ ನೆರೆಯವನಾಗಿದ್ದ ಬರಮಪ್ಪನೇ ಬಾಯಿಬಿಟ್ಟ. "ಯಮನೂರಪ್ಪ ಇಲ್ಲ. ಬೆಂಕಿಯೊಳಗ ಹೋದ. ಅವನ ಮನೀ ಕಡೆಯಿಂದ ನಾ ಅದೀನಿ."

'ಇಲ್ಲ' ಎಂಬ ಮಾತನ್ನು ಅವರು ಅಲ್ಲಿಯವರೆಗೆ ಆಡಿರಲಿಲ್ಲ. ಅವತ್ತು ಅಳುತ್ತ ಆಡಿದರು, ಆದರೆ ಗಟ್ಟಿಯಾಗಿ ಆಡಿದರು. ಹತ್ತೊಂಬತ್ತು ಮನೆಗಳಿಗೂ ನೆರೆಯವರು ಓಗೊಟ್ಟರು. ಕೊನೆಗೆ ಫಕೀರವ್ವ ತಳವಾರನ ಕಡೆ ತಿರುಗಿದಳು.

"ದುರಗಪ್ಪನ ಮನೀ!"

"ಹೇಣ್ತಿ ಇಲ್ಲ. ಮಗಳು ಇಲ್ಲ" ಎಂದ ತಳವಾರ. ಆಮೇಲೆ ಅವನು ಗೂಟ ಹಿಡಿದು ಎದ್ದ. "ನಾ ಅದೀನಿ" ಎಂದ.

ಗೂಟಗಳ ನಡುವೆ ಬಾಗಿಲಿರಲಿಲ್ಲ. ಇದ್ದಂತೆಯೇ ಎರಡು ಕೈಯಿಂದ ಎಳೆದು ಹಾಕಿದ, ಅಗುಳಿ ಜಡಿದ. ಹೋಗಿ ಮಲಗಿದವನು ಮರುದಿನ ಬಿಸಿಲು ನೆತ್ತಿಗೆ ಬಂದಾಗ ಎದ್ದ. ಅಷ್ಟರಲ್ಲಿ ಅವನ ಊರವರು ತೋಪು ಬಿಡಲು ಗಂಟುಮೂಟೆ ಕಟ್ಟಿ ನಿಂತಿದ್ದರು. ತಪ್ಪಾಯಿತು ಎನ್ನಲು ಗೌಡರುಗಳಿಗೆ ಬಾಯಿ ಬರುವುದಿಲ್ಲ. ಆ ಗೌಡ ಆಳಿನ ತಲೆಯ ಮೇಲೆ ಒಂದು ತಡಿಕೆ ಬಾಗಿಲು ಹೊರಿಸಿ ಕಳಿಸಿದ. ಗೂಟಗಳಿಗೆ ಅದು ಸರಿಯಾಗಿ ಕೂತಿತು, ಗಂಟುಗಳು ಮತ್ತೆ ಗುಡಿಸಲು ಸೇರಿದವು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ತಳವಾರ ಎಲ್ಲವನ್ನೂ ಮರೆತನೇ?" ಎಂದು ಮಡಿವಾಳಯ್ಯ ಕೇಳಿದ.

"ಯಾಕೆ ಮರೆಯಬೇಕು? ಸಾಯುವವರೆಗೂ ನಲವತ್ತೆರಡು ಮನೆ ಕೂಗಿದ. ಕೂಗಿದ, ಮಲಗಿದ."

ಮಡಿವಾಳಯ್ಯ ತಲೆ ತಗ್ಗಿಸಿದ. "ಆ ಮುದುಕನನ್ನು ಪಂಕ್ತಿಯಲ್ಲೇ ಕೂರಿಸುತ್ತೇನೆ, ಗುರುಗಳೇ" ಎಂದ.

ಗುರುಗಳು ಸೂಜಿ ಎತ್ತಿಕೊಂಡರು.

"ಎರಡು ತಿಂಗಳಿಂದ ಬಡಿಸಿದ್ದೀಯಲ್ಲ, ಅವನ ಹೆಸರೇನು?"